ಮಗು ಎಷ್ಟು ಸಲ ಹೇಳಬೇಕು? ಮಕ್ಕಳ ಮೇಲಿನ ದೌರ್ಜನ್ಯ ತಡೆಯಲು ಊರು ಮತ್ತು ಠಾಣೆ ಮಾಡಬೇಕಾದ ಕೆಲಸ

ಮಗು ತನಗಾದದ್ದನ್ನು ಮೊದಲು ಟೀಚರಿಗೆ ಹೇಳುತ್ತದೆ. ಟೀಚರು ಅದನ್ನೇ ಹೆಡ್‌ಮಾಸ್ಟರ ಮುಂದೆ ಹೇಳಿಸುತ್ತಾರೆ. ಅಪ್ಪ-ಅಮ್ಮನನ್ನು ಕರೆಸಿದಾಗ ಇನ್ನೊಮ್ಮೆ, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷರು ಬಂದಾಗ ಮತ್ತೊಮ್ಮೆ. ಆಮೇಲೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ರೈಟರ್, ಪಿಎಸ್‌ಐ, ಆಸ್ಪತ್ರೆಯ ಡಾಕ್ಟರು, ಆಸರೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿ, ಮ್ಯಾಜಿಸ್ಟ್ರೇಟರು, ಕೊನೆಗೆ ನ್ಯಾಯಾಲಯ. ಬೆರಳು ಮಡಚಿ ಎಣಿಸಿದರೆ ಹತ್ತು ಸಲ. ಇದರಲ್ಲಿ ಅರ್ಧದಷ್ಟನ್ನು ಕಾನೂನು ಕೇಳುವುದೇ ಇಲ್ಲ. ದೊಡ್ಡವರ ಕುತೂಹಲ, ಭಯ, ‘ಖಾತ್ರಿ ಮಾಡಿಕೊಳ್ಳೋಣ’ ಎನ್ನುವ ಅಭ್ಯಾಸ ಮಗುವಿನಿಂದ ಅಷ್ಟು ಸಲ ಹೇಳಿಸುತ್ತವೆ. ಪ್ರತಿ ಸಲವೂ ಮಗು ಒಂದಿಷ್ಟು ಬಿಡುತ್ತದೆ, ಒಂದಿಷ್ಟು ಬದಲಿಸುತ್ತದೆ. ಕೊನೆಗೆ ಆ ಬದಲಾವಣೆಯನ್ನೇ ಹಿಡಿದು ಆರೋಪಿಯ ವಕೀಲರು ‘ಮಗು ಸುಳ್ಳು ಹೇಳುತ್ತಿದೆ’ ಎನ್ನುತ್ತಾರೆ.

ಮಗು ಆದಷ್ಟು ಕಡಿಮೆ ಸಲ ಹೇಳಬೇಕು, ಉಳಿದ ಓಡಾಟವೆಲ್ಲ ದೊಡ್ಡವರದಾಗಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿವೆ. ಕರ್ನಾಟಕದ ಒಂದು ಗ್ರಾಮ ಪಂಚಾಯಿತಿ ಅಥವಾ ನಗರದ ಒಂದು ವಾರ್ಡನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ.

ಮೊದಲು ಊರನ್ನು ಓದಿ

ಘಟನೆ ನಡೆಯುವ ಮುಂಚಿನ ಕೆಲಸ ಇದು. ಬೀಟ್ ಪೊಲೀಸ್, ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ, ಶಾಲೆಯ ಒಬ್ಬ ಟೀಚರು, ಸ್ವಸಹಾಯ ಸಂಘದ ಇಬ್ಬರು ಹೆಂಗಸರು ಸೇರಿದರೆ ಸಾಕು. ಎರಡು ಗಂಟೆ ಸಮಯ, ನಾಲ್ಕು ಡ್ರಾಯಿಂಗ್ ಶೀಟು, ಕೆಂಪು-ಹಸಿರು ಸ್ಕೆಚ್ ಪೆನ್ನು ಬೇಕು. ನಕ್ಷೆ ಬರೆಯುವವರು ಮಕ್ಕಳೇ ಆಗಿರಲಿ. ಹುಡುಗಿಯರದೊಂದು ಗುಂಪು, ಹುಡುಗರದೊಂದು ಗುಂಪು. ಒಟ್ಟಿಗೆ ಕೂರಿಸಿದರೆ ಇಬ್ಬರೂ ಬಾಯಿ ಬಿಡುವುದಿಲ್ಲ. ಎಲ್ಲಿ ಹೋಗಲು ಹೆದರಿಕೆ, ಯಾವ ಹೊತ್ತಿನಲ್ಲಿ ಹೆದರಿಕೆ ಎಂದಷ್ಟೇ ಕೇಳಿ. ಬಸ್ ಸ್ಟಾಪಿನ ಹಿಂದಿನ ಜಾಗ, ಪಾಳುಬಿದ್ದ ಕಟ್ಟಡ, ಸಾರ್ವಜನಿಕ ಶೌಚಾಲಯ, ಕೆರೆ ಏರಿ, ಆಳೆತ್ತರ ಬೆಳೆದ ಕಬ್ಬಿನ ಗದ್ದೆಯ ನಡುವಿನ ದಾರಿ ಎಲ್ಲವೂ ಶೀಟಿನ ಮೇಲೆ ಬರುತ್ತವೆ. ದೀಪ ಹಾಕಿಸುವುದು, ಪೊದೆ ಕಡಿಸುವುದು, ಗಸ್ತಿನ ಹೊತ್ತು ಬದಲಿಸುವುದು ಪಂಚಾಯಿತಿ ಮತ್ತು ಠಾಣೆಯ ಪಾಲಿನ ಕೆಲಸ.

ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ತಪ್ಪಾಗುತ್ತದೆ. ಕತ್ತಲೆ ಗಲ್ಲಿಯ ಅಪರಿಚಿತನನ್ನು ಹುಡುಕುತ್ತಾ ಕೂತರೆ ನಿಜವಾದ ಅಪಾಯ ಕಣ್ಣಿಗೆ ಬೀಳುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಘಟಕದ ವರದಿಗಳಲ್ಲಿ ವರ್ಷ ವರ್ಷವೂ ಕಾಣುವುದು ಒಂದೇ ಮಾತು: ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನು. ನೆಂಟ, ಪಕ್ಕದ ಮನೆಯವನು, ಅಂಗಡಿಯವನು, ಟ್ಯೂಷನ್ ಹೇಳುವವನು. ಹಾಗಾಗಿ ಎರಡನೇ ಶೀಟಿನಲ್ಲಿ ಜಾಗದ ಬದಲು ಹೊತ್ತನ್ನು ಬರೆಯಿರಿ. ನಾಲ್ಕು ಗಂಟೆಗೆ ಶಾಲೆ ಬಿಡುತ್ತದೆ. ಗಾರ್ಮೆಂಟ್ಸ್‌ಗೋ ಕೂಲಿಗೋ ಹೋದ ತಾಯಿ ಬರುವುದು ಏಳಕ್ಕೆ. ಆ ಮೂರು ಗಂಟೆ ಮಗು ಯಾರ ಜೊತೆ ಇರುತ್ತದೆ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಲೈನ್ ಮನೆಗಳಲ್ಲಿ, ಕಬ್ಬು ಕಡಿಯುವ ಗುಂಪಿನ ಟೆಂಟುಗಳಲ್ಲಿ ಚಿಕ್ಕವರನ್ನು ನೋಡಿಕೊಳ್ಳುವುದು ಹತ್ತು ವರ್ಷದ ಅಕ್ಕ. ಆ ಅಕ್ಕನನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಈ ಹೊತ್ತಿಗೆ ಶಾಲೆಯ ಕೋಣೆಯೊಂದನ್ನೋ ಗ್ರಂಥಾಲಯವನ್ನೋ ತೆರೆದಿಟ್ಟು, ಇಬ್ಬರು ದೊಡ್ಡವರು ಇರುವಂತೆ ಮಾಡಿದರೆ ಅದು ಹತ್ತು ಸಿಸಿ ಕ್ಯಾಮೆರಾಗಿಂತ ಹೆಚ್ಚಿನ ಕಾವಲು.

ಗಂಡು ಮಕ್ಕಳನ್ನು ಲೆಕ್ಕದಿಂದ ಬಿಡಬೇಡಿ. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಕೇಳಿ ಮಾಡಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾದುದಾಗಿ ಹೇಳಿದ್ದರು; ಅವರಲ್ಲಿ ಅರ್ಧಕ್ಕೂ ತುಸು ಹೆಚ್ಚು ಗಂಡು ಮಕ್ಕಳು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಹುಡುಗ-ಹುಡುಗಿ ಎಂದು ಭೇದ ಮಾಡುವುದಿಲ್ಲ. 18 ತುಂಬದ ಎಲ್ಲರೂ ಅದರ ಕಣ್ಣಿಗೆ ಮಕ್ಕಳೇ.

ಮಕ್ಕಳು ಸೇರುವ ಜಾಗದ ನಿಯಮ

ಶಾಲೆ, ಹಾಸ್ಟೆಲ್, ಟ್ಯೂಷನ್, ಕ್ರೀಡಾ ತರಬೇತಿ, ಶಾಲಾ ವ್ಯಾನು, ಬೇಸಿಗೆ ಶಿಬಿರ ಎಲ್ಲಕ್ಕೂ ಇದು ಸಲ್ಲುತ್ತದೆ. ಮಕ್ಕಳೊಂದಿಗೆ ಒಡನಾಡುವ ಪ್ರತಿ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ಪರಿಶೀಲನೆಯನ್ನು ಆಗಾಗ ಮಾಡಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಕಾಯಂ ಟೀಚರ ಕಾಗದ ಫೈಲಿನಲ್ಲಿರುತ್ತದೆ. ವ್ಯಾನಿನ ಬದಲಿ ಡ್ರೈವರ್, ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿ, ವಾರಕ್ಕೆರಡು ದಿನ ಬರುವ ಡ್ಯಾನ್ಸ್ ಮಾಸ್ಟರ್ ಇವರ ಕಾಗದ ಕೇಳಿದರೆ ಸಿಗುವುದಿಲ್ಲ. ಬೀಟ್ ಪೊಲೀಸರು ಶಾಲೆಗೆ ಹೋದಾಗ ಮೊದಲು ಕೇಳಬೇಕಾದದ್ದು ಈ ಮೂವರದ್ದೇ. ಪರಿಶೀಲನೆಯಲ್ಲಿ ಸಿಗುವುದು ಹಿಂದೆ ಸಿಕ್ಕಿಬಿದ್ದವರು ಮಾತ್ರ ಎಂಬುದೂ ನೆನಪಿರಲಿ. ಆದ್ದರಿಂದ ದಿನನಿತ್ಯದ ಕಟ್ಟುಪಾಡು ಬೇಕು. ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರು, ಒಂದು ಮಗು ಇರಬಾರದು. ಕೋಣೆಯ ಬಾಗಿಲಿಗೆ ಗಾಜಿನ ಕಿಂಡಿ ಇರಲಿ. ಸಿಬ್ಬಂದಿ ಮಕ್ಕಳಿಗೆ ಖಾಸಗಿಯಾಗಿ ಮೆಸೇಜು ಮಾಡಬಾರದು. ಏನಿದ್ದರೂ ಪೋಷಕರಿರುವ ಗುಂಪಿನಲ್ಲಿ ಹೇಳಲಿ. ವ್ಯಾನಿನಲ್ಲಿ ಕೊನೆಯ ಮಗು ಇಳಿಯುವ ತನಕ ಮಹಿಳಾ ಸಹಾಯಕಿ ಇಳಿಯಬಾರದು.

ದೂರು ಪೆಟ್ಟಿಗೆ ಬಹಳ ಕಡೆ ಇದೆ, ಆದರೆ ಖಾಲಿ. ಅದನ್ನು ಹೆಡ್‌ಮಾಸ್ಟರ ಕೋಣೆಯ ಬಾಗಿಲಲ್ಲೋ ಕ್ಯಾಮೆರಾ ಕೆಳಗೋ ನೇತುಹಾಕಿದರೆ ಯಾವ ಮಗು ಚೀಟಿ ಹಾಕೀತು? ಬೀಗದ ಕೈ ಶಾಲೆಯವರ ಬಳಿ ಇದ್ದರೆ ಶಾಲೆಯವರ ಮೇಲಿನ ದೂರು ಹೊರಗೆ ಬರುವುದಾದರೂ ಹೇಗೆ? ಪೆಟ್ಟಿಗೆ ಮಕ್ಕಳು ನೀರು ಕುಡಿಯುವ ಜಾಗದ ಹತ್ತಿರವಿರಲಿ, ಚಿಕ್ಕ ಮಗುವಿನ ಕೈಗೆಟುಕುವ ಎತ್ತರದಲ್ಲಿರಲಿ. ಕೀಲಿ ಹೊರಗಿನವರಲ್ಲಿರಲಿ, ವಾರಕ್ಕೊಮ್ಮೆ ಮೂವರ ಎದುರು ತೆರೆಯಲಿ. ಬರೆಯಲು ಬಾರದ ಮಗುವಿಗೆ ಖಾಲಿ ಚೀಟಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಬರೆದು ಹಾಕಿದರೂ ಸಾಕು, ಯಾರಾದರೂ ಬಂದು ಮಾತಾಡಿಸುತ್ತಾರೆ ಎಂದು ಹೇಳಿಕೊಡಿ.

ಗೋಡೆಯ ಮೇಲೆ ನಂಬರುಗಳ ಹಾಳೆ ಇರಲಿ: ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಉಚಿತ ಕಾನೂನು ನೆರವಿಗೆ 15100, ಜೊತೆಗೆ ಠಾಣೆ, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಮಕ್ಕಳ ಕಲ್ಯಾಣ ಸಮಿತಿ. ಮೊದಲ ಮೂರು ಬದಲಾಗುವುದಿಲ್ಲ. ಉಳಿದವು ಪ್ರತಿ ವರ್ಗಾವಣೆಗೂ ಹಳತಾಗುತ್ತವೆ. ತಿಂಗಳಿಗೊಮ್ಮೆ ಫೋನ್ ಮಾಡಿ ನೋಡಿ, ತಿದ್ದಿ.

ಮಗುವಿಗೆ ಕಲಿಸುವುದು

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂದು ಹೇಳಿಕೊಡುವ ರೂಢಿಯಿದೆ. ‘ಸುರಕ್ಷಿತ, ಅಸುರಕ್ಷಿತ’ ಎನ್ನುವುದು ಮೇಲು. ಕೆಟ್ಟದ್ದು ಎಂದರೆ ನೋವಾಗಬೇಕು ಎಂದು ಮಗು ತಿಳಿಯುತ್ತದೆ. ಚಾಕೊಲೇಟ್ ಕೊಟ್ಟು, ಮುದ್ದು ಮಾಡಿ ಮುಟ್ಟುವವನು ನೋವು ಮಾಡುವುದಿಲ್ಲ. ತನಗೇ ‘ಕೆಟ್ಟದ್ದು’ ಆಗಿದೆ ಎಂದುಕೊಂಡ ಮಗು ತಾನೇ ಕೆಟ್ಟವಳು ಎಂದುಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ. ದೇಹದ ಭಾಗಗಳಿಗೆ ಮನೆಯಲ್ಲಿ ಆಡುವ ಹೆಸರುಗಳನ್ನೇ ನಾಚಿಕೆಯಿಲ್ಲದೆ ಹೇಳುವುದನ್ನು ಕಲಿಸಿ. ಹೆಸರಿಲ್ಲದ್ದನ್ನು ಮಗು ಹೇಳಲಾರದು. ಕೈಯ ಐದು ಬೆರಳಿಗೆ ಐದು ಜನ ನಂಬಿಕಸ್ತರ ಹೆಸರು ಹೇಳಿಸಿ. ಅವರಲ್ಲಿ ಇಬ್ಬರಾದರೂ ಮನೆಯ ಹೊರಗಿನವರಾಗಿರಲಿ, ಯಾಕೆಂದರೆ ತೊಂದರೆ ಮನೆಯೊಳಗೇ ಇರಬಹುದು. ‘ಯಾರಿಗೂ ಹೇಳ್ಬೇಡ’ ಎಂದು ದೊಡ್ಡವರು ಹೇಳಿದ ಗುಟ್ಟನ್ನು ಹೇಳಿಯೇ ಬಿಡಬೇಕು ಎಂಬ ಮಾತನ್ನು ಆಟದ ಹಾಗೆ ಆಡಿಸಿ ರೂಢಿ ಮಾಡಿಸಿ.

ಠಾಣೆಯ ಭಯ ಹೋಗುವುದೂ ಇದರ ಭಾಗ. ‘ಊಟ ಮಾಡದಿದ್ರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ’ ಎಂದು ಹೆದರಿಸಿ ಬೆಳೆಸಿದ ಮಗು ಖಾಕಿ ಕಂಡರೆ ಬಾಯಿ ಬಿಡುವುದಿಲ್ಲ. ಕರ್ನಾಟಕದ ಠಾಣೆಗಳು ಶಾಲಾ ಮಕ್ಕಳನ್ನು ಕರೆಸುವ ‘ತೆರೆದ ಮನೆ’ ಕಾರ್ಯಕ್ರಮ ಇದಕ್ಕೆ ಒಳ್ಳೆಯ ದಾರಿ. ಬಂದೂಕು, ಲಾಕಪ್ ತೋರಿಸಿ ಕಳಿಸುವುದಕ್ಕಿಂತ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಮುಖ, ಹೆಸರು ಮಕ್ಕಳಿಗೆ ನೆನಪುಳಿಯುವಂತೆ ಮಾಡಿದರೆ ಅದು ಸಾರ್ಥಕ.

ಮಗು ಬಾಯಿ ಬಿಟ್ಟ ಹೊತ್ತು

ಇಲ್ಲಿ ನಿಧಾನವಾಗಬೇಕು. ಮಗು ಹೇಳುವುದು ಹೆಚ್ಚಾಗಿ ಅನಿರೀಕ್ಷಿತ ಹೊತ್ತಿನಲ್ಲಿ, ಅರ್ಧ ವಾಕ್ಯದಲ್ಲಿ: ‘ಟೀಚರ್, ನಾನು ಇವತ್ತು ಮನೆಗೆ ಹೋಗಲ್ಲ.’ ಕೆಲಸ ಬಿಟ್ಟು ಮಗುವಿನ ಎತ್ತರಕ್ಕೆ ಕೂತುಕೊಳ್ಳಿ. ಬೇರೆಯವರಿಗೆ ಕೇಳಿಸದ, ಆದರೆ ಬಾಗಿಲು ತೆರೆದಿರುವ ಜಾಗವಿರಲಿ. ಗಾಬರಿ ಮುಖಕ್ಕೆ ಬರದಿರಲಿ. ನಿಮ್ಮ ಮುಖ ಕಂಡೇ ಮಗು ಮಾತು ನುಂಗಿಬಿಡುತ್ತದೆ. ಹೇಳಬೇಕಾದ ಮಾತು ಇಷ್ಟೇ:

‘ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟಾ. ನಾನು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ಇದನ್ನ ನಾನೊಬ್ಬಳೇ ಇಟ್ಕೊಂಡ್ರೆ ನಿಂಗೆ ಸಹಾಯ ಮಾಡೋಕಾಗಲ್ಲ, ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ.’

‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬಾರದು. ಆ ಮಾತನ್ನು ಸಂಜೆಯೊಳಗೇ ಮುರಿಯಬೇಕಾಗುತ್ತದೆ, ಆಮೇಲೆ ಮಗು ಯಾರನ್ನೂ ನಂಬುವುದಿಲ್ಲ. ‘ಯಾಕೆ ಹೋದೆ, ಯಾಕೆ ಕೂಗಲಿಲ್ಲ, ಮೊದಲೇ ಯಾಕೆ ಹೇಳಲಿಲ್ಲ’ ಎಂಬ ಮೂರು ಪ್ರಶ್ನೆಗಳು ಬಾಯಿಗೆ ಬಂದೇ ಬರುತ್ತವೆ, ತಡೆಯಿರಿ. ನಿಮಗೆ ತಿಳಿಯಬೇಕಾದದ್ದು ಮೂರೇ ಸಂಗತಿ: ಆ ವ್ಯಕ್ತಿ ಯಾರು, ಇವತ್ತು ಮಗು ಮತ್ತೆ ಅವನ ಕೈಗೆ ಸಿಗುತ್ತದೆಯೇ, ಎಲ್ಲಾದರೂ ನೋವಿದೆಯೇ. ಇದಕ್ಕಿಂತ ಒಳಹೊಕ್ಕು ಕೇಳುವ ಕೆಲಸ ನಿಮ್ಮದಲ್ಲ.

ಮಗುವನ್ನು ನಂಬಿಕಸ್ತರ ಜೊತೆ ಕೂರಿಸಿದ ಕೂಡಲೆ ಒಂದು ಹಾಳೆ ತೆಗೆದುಕೊಳ್ಳಿ. ತಾರೀಖು, ಹೊತ್ತು, ಜಾಗ, ಯಾರ್ಯಾರಿದ್ದರು ಎಂದು ಬರೆದು, ಮಗು ಆಡಿದ ಮಾತನ್ನು ಅದೇ ಮಾತಿನಲ್ಲಿ ಬರೆಯಿರಿ. ‘ಮಧ್ಯಾಹ್ನ 3.40. ಐದನೇ ತರಗತಿ ಕೋಣೆ. ನಾನು ಮತ್ತು ಮಗು. ಮಗು ಹೇಳಿದ್ದು: ಅಂಗಡಿ ಮಾಮ ಒಳಗೆ ಕರೀತಾನೆ, ಬರಲ್ಲ ಅಂದ್ರೂ ಬಿಡಲ್ಲ, ಶಟರ್ ಎಳೀತಾನೆ.’ ಅಷ್ಟೇ. ಇದನ್ನೇ ‘ಅಂಗಡಿ ಮಾಲೀಕನು ವಿದ್ಯಾರ್ಥಿನಿಯ ಮೇಲೆ ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ’ ಎಂದು ತಿದ್ದಿ ಬರೆಯುವವರೇ ಹೆಚ್ಚು. ಆ ವಾಕ್ಯ ಮಗುವಿನದಲ್ಲ. ಮುಂದೆ ಕೋರ್ಟಿನಲ್ಲಿ ಮಗು ‘ಶಟರ್ ಎಳೀತಾನೆ’ ಎಂದಾಗ, ಕಾಗದದಲ್ಲಿರುವುದು ಬೇರೆ, ಬಾಯಲ್ಲಿರುವುದು ಬೇರೆ ಎಂದು ತೋರಿಸಲು ಒಂದು ಸಂದು ಸಿಗುತ್ತದೆ. ‘ಶಟರ್’ ಎಂಬ ಆ ಒಂದು ಪದ, ಅದು ಮಗುವಿನ ಕಣ್ಣಿಗೆ ಕಂಡದ್ದು, ಸಾಕ್ಷ್ಯಕ್ಕೆ ಬೆಲೆ ತರುತ್ತದೆ. ಹಾಳೆಗೆ ಸಹಿ ಹಾಕಿ ಇಟ್ಟುಕೊಳ್ಳಿ. ಹೆಡ್‌ಮಾಸ್ಟರಿಗೆ ಈ ಹಾಳೆ ತೋರಿಸಿದರೆ ಸಾಕು, ಮಗುವನ್ನು ಕರೆಸಿ ಮತ್ತೆ ಹೇಳಿಸುವುದು ಬೇಡ.

ಆರೋಪಿಯನ್ನು ಕರೆಸಿ ವಿಚಾರಿಸುವುದು, ಮಗುವಿನ ಎದುರು ನಿಲ್ಲಿಸುವುದು, ಊರವರು ಸೇರಿ ಹೊಡೆಯುವುದು ಇವು ಮೂರೂ ಆಗಬಾರದು. ಎಚ್ಚರಿಕೆ ಸಿಕ್ಕವನು ಫೋನಿನಲ್ಲಿರುವುದನ್ನು ಅಳಿಸುತ್ತಾನೆ, ಮಗುವನ್ನು ಹೆದರಿಸುತ್ತಾನೆ, ಊರು ಬಿಡುತ್ತಾನೆ.

ದೂರು ಕೊಡುವುದು

ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದು ಎಂಬ ಆತಂಕ ಇರುವವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲಾಗಬಹುದು. ಮಗುವಿಗೆ ಈ ಹೊಣೆಯಿಲ್ಲ. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ‘ಸಾಕ್ಷಿ ಇಲ್ಲದೆ ಹೇಗೆ ಹೇಳೋದು’ ಎಂದು ಅಳುಕುವುದು ಬೇಡ, ಸಾಕ್ಷಿ ಹುಡುಕುವುದು ತನಿಖಾಧಿಕಾರಿಯ ಕೆಲಸ. ‘ಬಟ್ಟೆ ಮೇಲಿಂದ ಮುಟ್ಟಿದ್ದು ಅಷ್ಟೇ ತಾನೆ’ ಎನ್ನುವವರಿಗೂ ಉತ್ತರವಿದೆ: ಚರ್ಮಕ್ಕೆ ಚರ್ಮ ತಾಗಿರಬೇಕು ಎಂಬ ವಾದವನ್ನು 2021ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ. ಇನ್ನು ಹೊಡೆತ, ಬರೆ, ಉಪವಾಸ ಕೆಡಹುವುದು ಇಂಥ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಇದೆ. 1098ಕ್ಕೆ ಅದನ್ನೂ ತಿಳಿಸಬಹುದು.

ದೂರಿನಲ್ಲಿ ಐದಾರು ಸಾಲಿದ್ದರೆ ಸಾಕು: ಮಗುವಿನ ಹೆಸರು, ವಯಸ್ಸು, ಈಗ ಎಲ್ಲಿದೆ, ಆರೋಪಿ ಯಾರು, ಈಗ ಎಲ್ಲಿದ್ದಾನೆ, ಮಗು ಯಾವಾಗ ಯಾರಿಗೆ ಹೇಳಿತು, ಮಗುವಿನ ಮಾತು ಇದ್ದ ಹಾಗೆ, ತುರ್ತಾಗಿ ಬೇಕಾದದ್ದೇನು. ಆ ಬರೆದ ಹಾಳೆಯ ಪ್ರತಿ ಲಗತ್ತಿಸಿ. ಘಟನೆ ಬೇರೆ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮೊದಲು ಹೋದ ಠಾಣೆಯೇ ಝೀರೋ ಎಫ್‌ಐಆರ್ ದಾಖಲಿಸಬೇಕು. ದೂರನ್ನು ಓದಿ ಹೇಳಿಸಿಕೊಳ್ಳಿ, ಎಫ್‌ಐಆರ್ ಪ್ರತಿಯನ್ನು ಕೇಳಿ ಪಡೆಯಿರಿ, ಅದು ಉಚಿತ. ಬರೆದುಕೊಳ್ಳದ ಪೊಲೀಸರಿಗೂ ಪೋಕ್ಸೊದ 21ನೇ ಕಲಮಿನಲ್ಲೇ ಶಿಕ್ಷೆಯಿದೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಎಸ್‌ಪಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಪ್ರತಿಯನ್ನು ಮಕ್ಕಳ ಕಲ್ಯಾಣ ಸಮಿತಿಗೂ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕೊಡಿ.

ಠಾಣೆಯವರಿಗೆ

ಪ್ರತಿ ಠಾಣೆಯಲ್ಲೂ ಎಎಸ್‌ಐ ಅಥವಾ ಮೇಲಿನ ದರ್ಜೆಯ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಅವರು ಬಂದೋಬಸ್ತಿಗೆ ಹೋದ ದಿನ ಯಾರು ಎಂಬುದು ಮೊದಲೇ ಗೊತ್ತಿರಬೇಕು. ಮಗು ಬಂದಾಗ ಮಾಹಿತಿ ಕೇಳುವ ಕೆಲಸ ರೈಟರ್ ಮೇಜಿನಿಂದ ಶುರುವಾದರೆ ಅಲ್ಲೇ ಒಂದು ಸಲ ವ್ಯರ್ಥವಾಯಿತು. ತಂದವರ ದೂರಿನ ಮೇಲೆ ಎಫ್‌ಐಆರ್ ಮಾಡಿ, ಆರೋಪಿ ಅದೇ ಮನೆಯವನಲ್ಲದಿದ್ದರೆ ಮಗುವನ್ನು ಮನೆಗೆ ಕಳಿಸಿ. ಹೇಳಿಕೆ ಪಡೆಯಲು ನೀವೇ ಹೋಗಿ.

ಕಾಯ್ದೆ ಹೇಳುವುದು ಹೀಗೆ: ಹೇಳಿಕೆ ಮಗುವಿನ ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯಿಂದ, ಸಮವಸ್ತ್ರವಿಲ್ಲದೆ, ಮಗು ನಂಬುವವರ ಎದುರು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಹಳ ಸಲ ಎಡವಟ್ಟಾಗುವುದು ಚಿಕ್ಕದರಲ್ಲಿ. ಅಧಿಕಾರಿ ಸೀರೆಯುಟ್ಟು ಬರುತ್ತಾರೆ, ಜೀಪು ಮಾತ್ರ ಮನೆ ಬಾಗಿಲಲ್ಲೇ ನಿಲ್ಲುತ್ತದೆ, ಐದು ನಿಮಿಷದಲ್ಲಿ ಬೀದಿಯೆಲ್ಲ ಸೇರುತ್ತದೆ. ಜೀಪು ದೂರದ ತಿರುವಿನಲ್ಲಿ ನಿಲ್ಲಲಿ, ಜೊತೆಯ ಕಾನ್‌ಸ್ಟೆಬಲ್ ಅಲ್ಲೇ ಇರಲಿ. ವಾಕಿಟಾಕಿ ಆಫ್ ಮಾಡಿ. ಚಾಪೆಯ ಮೇಲೆ ಕೂತು, ಮಗುವಿನ ಶಾಲೆ, ನಾಯಿಮರಿ, ಇಷ್ಟದ ತಿಂಡಿಯ ಮಾತು ಹತ್ತು ನಿಮಿಷ ಆಡಿ. ಮಗು ಮಾತು ಪೋಣಿಸುವ ರೀತಿ ನಿಮಗೆ ಗೊತ್ತಾಗುವುದೂ ಆಗಲೇ.

ಆಮೇಲೆ ತೆರೆದ ಪ್ರಶ್ನೆ: ‘ಏನಾಯ್ತು ಅಂತ ನಿಂಗೆ ನೆನಪಿದ್ದಷ್ಟು ಹೇಳ್ತೀಯಾ?’ ‘ಆಮೇಲೆ?’ ಮಗು ಸುಮ್ಮನಾದರೆ ನೀವೂ ಸುಮ್ಮನಿರಿ. ‘ಅವನು ಇಲ್ಲಿ ಮುಟ್ಟಿದ್ನಾ?’ ಎಂದು ಉತ್ತರವನ್ನೇ ಪ್ರಶ್ನೆಯೊಳಗಿಟ್ಟು ಕೇಳಿದರೆ ಮಗು ಹೂಂ ಎನ್ನುತ್ತದೆ, ಆ ಹೂಂ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಷ್ಟು ಸಲ, ಯಾವ ತಾರೀಖು ಎಂದು ಚಿಕ್ಕ ಮಗುವನ್ನು ಕೇಳಿ ಫಲವಿಲ್ಲ. ‘ಒಂದೇ ಸಲಾನಾ, ಬೇರೆ ಸಲಾನೂ ಆಯ್ತಾ?’ ಎಂದು ಕೇಳಿ; ಗೌರಿ ಹಬ್ಬ, ಊರ ಜಾತ್ರೆ, ದಸರಾ ರಜೆ, ಮಧ್ಯಾಹ್ನದ ಊಟದ ಬೆಲ್ಲು ಇಂಥ ಗುರುತಿನಿಂದ ದಿನವನ್ನು ಹಿಡಿಯಿರಿ. ತುಳು, ಕೊಂಕಣಿ, ಉರ್ದು, ಲಂಬಾಣಿ, ಹಿಂದಿ ಆಡುವ ಮಗುವಿಗೆ ಅನುವಾದಕರು ಬೇಕು. ಮನೆಯವರನ್ನೇ ಅನುವಾದಕರನ್ನಾಗಿ ಮಾಡಬೇಡಿ, ಮಾತು ಅವರ ಭಯದ ಮೂಲಕ ಬರುತ್ತದೆ. ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರನ್ನು ಕರೆಸಿ. ಸಾಧ್ಯವಿದ್ದಲ್ಲಿ ಆಡಿಯೊ-ವಿಡಿಯೊ ದಾಖಲೆ ಮಾಡಿ. ಮಗುವಿನ ಮಾತನ್ನು ಕಚೇರಿ ಕನ್ನಡಕ್ಕೆ ತಿರುಗಿಸಬೇಡಿ.

24 ಗಂಟೆಯೊಳಗೆ ಆಗಬೇಕಾದ ಕಾಗದಗಳು: ಮಕ್ಕಳ ಕಲ್ಯಾಣ ಸಮಿತಿಗೂ ಪೋಕ್ಸೊ ಪ್ರಕರಣ ನಡೆಸುವ ವಿಶೇಷ ನ್ಯಾಯಾಲಯಕ್ಕೂ ವರದಿ, ಸಮಿತಿಗೆ ಪ್ರಾಥಮಿಕ ಮೌಲ್ಯಮಾಪನದ ‘ಬಿ’ ನಮೂನೆ, ಮಗುವಿನ ಹಕ್ಕು, ಸೌಲಭ್ಯಗಳನ್ನು ತಿಳಿಸುವ ‘ಎ’ ನಮೂನೆ ಪೋಷಕರ ಕೈಗೆ. ‘ಬಿ’ ನಮೂನೆಯನ್ನು ಪೂರ್ತಿ ತುಂಬಿದರೆ ಸಮಿತಿ ಮಗುವನ್ನು ಘಟನೆಯ ಬಗ್ಗೆ ಮತ್ತೆ ಕೇಳಬೇಕಾಗಿಲ್ಲ. ಅರ್ಧಂಬರ್ಧ ತುಂಬಿದ ನಮೂನೆ ಎಂದರೆ ಮಗುವಿಗೆ ಇನ್ನೊಂದು ಸಲ ಹೇಳುವ ಶಿಕ್ಷೆ. ವಯಸ್ಸಿಗೆ ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿಯ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಈ ಪಟ್ಟಿಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆಯನ್ನು ತಡಮಾಡದೆ ಮಾಡಿಸಿ. ವಾರಗಟ್ಟಲೆ ಬಿಟ್ಟರೆ ಅಷ್ಟರಲ್ಲಿ ರಾಜಿಯವರು ಮನೆ ಬಾಗಿಲಿಗೆ ಬಂದಿರುತ್ತಾರೆ. ಮುಖ್ಯ ಅಪರಾಧಗಳ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು.

ಆಸ್ಪತ್ರೆ

ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ, ಚಿಕಿತ್ಸೆ ಮಾಡಬೇಕು. ಪೊಲೀಸ್ ಪತ್ರ ತನ್ನಿ ಎಂದು ತಿರುಗಿಸಿ ಕಳಿಸುವಂತಿಲ್ಲ. ಸರ್ಕಾರಿಯೋ ಖಾಸಗಿಯೋ, ಚಿಕಿತ್ಸೆ ಉಚಿತ. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು, ಮಗು ನಂಬುವವರು ಜೊತೆಗಿರಬೇಕು. ಎರಡು ಬೆರಳಿನ ಪರೀಕ್ಷೆ ಮಾಡಿದರೆ ಅದು ದುರ್ನಡತೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ.

ಹೊತ್ತು ಇಲ್ಲಿ ಬಹಳ ದೊಡ್ಡದು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರುಮಾಡಬೇಕು, 28 ದಿನ ಬಿಡದೆ ಕೊಡಬೇಕು. ಗರ್ಭ ತಡೆಯುವ ಗುಳಿಗೆಯೂ ಬೇಗ ಕೊಟ್ಟಷ್ಟು ಒಳ್ಳೆಯದು. ದೇಹದಿಂದ ತೆಗೆಯುವ ಮಾದರಿಗಳು 96 ಗಂಟೆಯ ನಂತರ ಸಿಗುವುದು ಕಷ್ಟ. ಆಗಿನ್ನೂ ಸ್ನಾನ ಮಾಡಿಸದಿದ್ದರೆ ಹಾಗೇ ಕರೆತನ್ನಿ, ಮಾಡಿಸಿದ್ದರೂ ಕರೆತನ್ನಿ. ಬಟ್ಟೆ ಒಗೆಯಬೇಡಿ. ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಒಂದೊಂದನ್ನೂ ಬೇರೆ ಬೇರೆ ಪೇಪರ್ ಕವರಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಬೂಸ್ಟು ಬಂದರೆ ಸಾಕ್ಷ್ಯ ಹಾಳು. ತಿಂಗಳುಗಳ ಹಿಂದಿನ ಘಟನೆಯಾದರೂ ಚಿಕಿತ್ಸೆ, ಆಪ್ತಸಮಾಲೋಚನೆಗಾಗಿ ಆಸ್ಪತ್ರೆಗೆ ಹೋಗಲೇಬೇಕು. ಮಗು ಗರ್ಭಿಣಿಯಾಗಿದ್ದರೆ 24 ವಾರದವರೆಗೆ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. ಗುಟ್ಟು ಕಾಪಾಡಲು ಹೋಗಿ ಆ ಗಡುವು ದಾಟಿಸಿ, ಆಮೇಲೆ ಹೈಕೋರ್ಟಿಗೆ ಅಲೆಯುವ ಕುಟುಂಬಗಳಿವೆ.

ಮೊಬೈಲಿನಲ್ಲಿ ನಡೆದದ್ದಾದರೆ

ಚಿತ್ರ, ವಿಡಿಯೊ ಸಿಕ್ಕರೆ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಪೊಲೀಸರ ವಾಟ್ಸ್ಆ್ಯಪಿಗೂ ಬೇಡ. ಮಕ್ಕಳ ಅಶ್ಲೀಲ ಚಿತ್ರ ಹಂಚುವುದೂ, ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದೂ ಅಪರಾಧ. ಕಳಿಸಿದ ನಂಬರು, ಖಾತೆಯ ಹೆಸರು, ಹೊತ್ತು, ಲಿಂಕು ಕಾಗದದ ಮೇಲೆ ಬರೆದುಕೊಂಡು ಆ ಫೋನನ್ನೇ ಠಾಣೆಗೆ ಒಯ್ಯಿರಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ‘ಫೋಟೊ ಬಿಡ್ತೀನಿ’ ಎಂದು ಹೆದರಿಸುವವನಿಗೆ ದುಡ್ಡು ಕೊಟ್ಟರೆ ಅವನು ನಿಲ್ಲಿಸುವುದಿಲ್ಲ. ಮಗುವಿನ ಫೋನು ಕಿತ್ತುಕೊಂಡು ಬೈಯುವುದರಿಂದ ಮುಂದಿನ ಸಲ ಮಗು ಹೇಳುವುದಿಲ್ಲ.

ಮಗು ಎಲ್ಲಿರಬೇಕು

ಆರೋಪಿ ಅದೇ ಮನೆಯವನಾದರೆ, ಅಥವಾ ಮಗು ಪೋಷಕರ ಆಸರೆಯಿಲ್ಲದೆ ಬಾಲಮಂದಿರದಂಥ ಸಂಸ್ಥೆಯಲ್ಲಿದ್ದರೆ, ಪೊಲೀಸರು 24 ಗಂಟೆಯೊಳಗೆ ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿಂದ ಬೇರೆಡೆಗೆ ಕಳಿಸಬೇಕೇ ಎಂಬುದನ್ನು ಸಮಿತಿ ಮೂರು ದಿನದೊಳಗೆ ತೀರ್ಮಾನಿಸಬೇಕು. ಸಮಿತಿ ಸೇರದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಆದೀತು. ನಮ್ಮ ಅಭಿಪ್ರಾಯ ಇಲ್ಲಿ ಸ್ಪಷ್ಟ: ಮನೆ ಬಿಡಬೇಕಾದವನು ತಪ್ಪು ಮಾಡಿದವನು. ಅವನು ಮನೆಯಲ್ಲೇ ಉಳಿದು ಮಗು ಬಾಲಮಂದಿರ ಸೇರಿದರೆ, ಹೇಳಿದ್ದಕ್ಕೆ ತನಗೇ ಶಿಕ್ಷೆಯಾಯಿತು ಎಂದು ಮಗು ತಿಳಿಯುತ್ತದೆ, ತಂಗಿ-ತಮ್ಮಂದಿರು ಅದನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಅಜ್ಜಿ, ಚಿಕ್ಕಮ್ಮ, ಸೋದರಮಾವನ ಮನೆ ಇದೆಯೇ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಸಮಿತಿಗೆ ಆ ಮಾಹಿತಿ ಮೊದಲ ದಿನವೇ ತಲುಪಲಿ.

ಸಪೋರ್ಟ್ ಪರ್ಸನ್ ಎಂದು ಕಚೇರಿಗಳಲ್ಲಿ ಕರೆಯುವ ಬೆಂಬಲ ವ್ಯಕ್ತಿಯನ್ನು ಸಮಿತಿ ಮಗುವಿಗೆ ಕೊಡುತ್ತದೆ. ತನಿಖೆಯಿಂದ ತೀರ್ಪಿನವರೆಗೆ ಜೊತೆಗಿರುವವರು ಅವರೇ. ಇದರ ಅಗತ್ಯವನ್ನು ಪೋಷಕರ ವಿವೇಚನೆಗೆ ಬಿಡಬಾರದೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟಿನಲ್ಲಿ ಹೇಳಿದೆ. ಊಟ, ಬಟ್ಟೆ, ಓಡಾಟದ ಖರ್ಚಿಗೆ ವಿಶೇಷ ಪರಿಹಾರವನ್ನು ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲಿ ಕೊಡಬೇಕು. ಮಧ್ಯಂತರ ಪರಿಹಾರಕ್ಕೆ ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ಹಾಕಬಹುದು, ತೀರ್ಪಿನವರೆಗೆ ಕಾಯಬೇಕಿಲ್ಲ. ದಿನಗೂಲಿ ಬಿಟ್ಟು ಆಸ್ಪತ್ರೆಗೂ ಕೋರ್ಟಿಗೂ ಅಲೆಯುವ ತಾಯಿಗೆ ಈ ದುಡ್ಡು ಸಿಗದಿದ್ದಾಗಲೇ ರಾಜಿಯ ದುಡ್ಡು ದೊಡ್ಡದಾಗಿ ಕಾಣುವುದು.

ರಾಜಿ ಪಂಚಾಯಿತಿ

ಊರಿನ ಮರ್ಯಾದೆ, ಹುಡುಗಿಯ ಮದುವೆ, ಜಾತಿಯ ಜಗಳ ಎಂದೆಲ್ಲ ಹೇಳಿ ಹಿರಿಯರು ಕೂರುತ್ತಾರೆ. ಈ ಅಪರಾಧಗಳಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಗೊತ್ತಿದ್ದೂ ತಿಳಿಸದೆ ರಾಜಿಗೆ ಕೂತವರು ತಾವೇ ಅಪರಾಧಕ್ಕೆ ಸಿಕ್ಕಿಕೊಳ್ಳುತ್ತಾರೆ. ಆರೋಪಿಗೇ ಹುಡುಗಿಯನ್ನು ಮದುವೆ ಮಾಡಿಕೊಟ್ಟರೆ ಬಾಲ್ಯವಿವಾಹದ ಇನ್ನೊಂದು ಕೇಸು. ಬೀಟ್ ಪೊಲೀಸರು ಎಫ್‌ಐಆರ್ ಆದ ಮರುದಿನವೇ ಊರ ಹಿರಿಯರನ್ನು ಕಂಡು ಇದನ್ನು ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಬೇಕು. ಬೆದರಿಕೆ ಬಂದರೆ ಮನೆಯವರು ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಹೆಸರು, ಒಂದು ನಂಬರು ಕೊಡಬೇಕು.

ನೆರೆಯವರಿಗೆ ಎರಡೇ ಕೆಲಸ: ಮಗು ಶಾಲೆಗೆ ಹೋಗುವಾಗ ತಮ್ಮ ಮಗುವನ್ನು ಜೊತೆಗೆ ಕಳಿಸುವುದು, ಆ ಮಾತನ್ನು ಬೀದಿಯಲ್ಲಿ ಆಡದಿರುವುದು. ಹೆಸರು ಹಾಕದಿದ್ದರೂ ಮನೆಯ ಫೋಟೊ, ತಂದೆಯ ಹೆಸರು, ಶಾಲೆಯ ಹೆಸರು ಗುಂಪಿನಲ್ಲಿ ಬಂದರೆ ಮಗುವಿನ ಗುರುತು ಬಯಲಾಯಿತು, ಅದು ಶಿಕ್ಷಾರ್ಹ. ನ್ಯಾಯ ಬೇಕು ಎಂದು ಬ್ಯಾನರ್ ಹಿಡಿಯುವವರೂ ಇದನ್ನು ನೆನಪಿಡಬೇಕು.

ಕೋರ್ಟಿನ ದಿನ

ವಿಚಾರಣೆಗೆ ಕೆಲವು ದಿನ ಮುಂಚೆ ಬೆಂಬಲ ವ್ಯಕ್ತಿ ಮಗುವನ್ನು ಖಾಲಿ ಕೋರ್ಟಿಗೆ ಕರೆದೊಯ್ದು ಯಾರು ಎಲ್ಲಿ ಕೂರುತ್ತಾರೆ, ನೀರು ಎಲ್ಲಿ, ಶೌಚಾಲಯ ಎಲ್ಲಿ ಎಂದು ತೋರಿಸಲಿ. ಉತ್ತರ ಹೇಳಿಕೊಡಬಾರದು, ‘ಗೊತ್ತಿಲ್ಲ, ನೆನಪಿಲ್ಲ ಅಂತಾನೂ ಹೇಳಬಹುದು’ ಎಂದು ಮಾತ್ರ ಹೇಳಿಕೊಡಿ. ಆ ದಿನ ಮಗುವನ್ನು ವರಾಂಡದಲ್ಲಿ ಆರೋಪಿಯ ಕಡೆಯವರ ನಡುವೆ ಕಾಯಿಸಬೇಡಿ. ಮಕ್ಕಳಂಥವರು ಆರೋಪಿಗೆ ಎದುರಾಗದೆ ಸಾಕ್ಷ್ಯ ಹೇಳಲು ಮಾಡಿದ ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರ ಇದ್ದಲ್ಲಿ ಅದರ ಬಾಗಿಲಿನಿಂದಲೇ ಬರಲಿ. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳುತ್ತಾರೆ. ಹೀಗೆ ನಡೆಯದಿದ್ದರೆ ಸರ್ಕಾರಿ ಅಭಿಯೋಜಕರು ಎದ್ದು ನೆನಪಿಸಬೇಕು. ಮಗುವಿನ ಸಾಕ್ಷ್ಯ, ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ 30 ದಿನದಲ್ಲಿ ಆಗಬೇಕೆಂದೂ ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ಮುಗಿಯಬೇಕೆಂದೂ ಕಾಯ್ದೆ ಹೇಳುತ್ತದೆ. ಜಾಮೀನು ಅರ್ಜಿ ಬಂದಾಗ ಮಗುವಿನ ಕಡೆಯವರಿಗೆ ತಿಳಿಸಬೇಕು. ಆರೋಪಿ ಹೊರಗೆ ಬಂದದ್ದು ಬೀದಿಯಲ್ಲಿ ಎದುರಾದಾಗ ಮಗುವಿಗೆ ಗೊತ್ತಾಗುವಂತಾಗಬಾರದು.

ತಿಂಗಳ ಪುಸ್ತಕ

ಹೆಂಗಸರು, ಮಕ್ಕಳ ಸುರಕ್ಷತೆ ನೋಡುವ ಪಂಚಾಯಿತಿಯ ಕಾವಲು ಸಮಿತಿ ಮತ್ತು ಠಾಣೆ ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತರೆ ಸಾಕು. ಪುಸ್ತಕದಲ್ಲಿ ಮಗುವಿನ ಹೆಸರು ಬೇಡ, ಅಪರಾಧ ಸಂಖ್ಯೆ ಮಾತ್ರ. ಅಂಕಣಗಳು: ‘ಬಿ’ ನಮೂನೆ ಹೋಯಿತೇ, ಬೆಂಬಲ ವ್ಯಕ್ತಿ ಯಾರು, ಮ್ಯಾಜಿಸ್ಟ್ರೇಟರ ಹೇಳಿಕೆ ಆಯಿತೇ, ಪರಿಹಾರ ಕೈಸೇರಿತೇ, ದೋಷಾರೋಪ ಪಟ್ಟಿ ಯಾವಾಗ, ಮುಂದಿನ ಕೋರ್ಟ್ ದಿನ ಯಾವುದು. ಇನ್ನೊಂದು ಅಂಕಣವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ಈ ತಿಂಗಳು ಮಗು ಎಷ್ಟು ದಿನ ಶಾಲೆಗೆ ಬಂದಿದೆ. ಅದನ್ನು ತುಂಬಲು ಟೀಚರ ಹಾಜರಿ ಪುಸ್ತಕ ನೋಡಿದರೆ ಸಾಕು, ಮಗುವನ್ನು ಕೇಳಬೇಕಿಲ್ಲ. ಸಂಖ್ಯೆ ಇಳಿಯುತ್ತಿದ್ದರೆ ಮರುದಿನ ಬೆಳಿಗ್ಗೆ ಆಶಾ ಕಾರ್ಯಕರ್ತೆ ಆ ಮನೆಯ ಕಡೆ ಹೋಗಿಬರಲಿ.